ಒರೆಗಲ್ಲನ್ನು ಒರೆಗೆ ಹಚ್ಚುವವರು ಯಾರು?

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗಿನ ಹೊತ್ತು ಹಾದುಹೋಗುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಕಟ್ಟಿದ ಮಲ್ಲಿಗೆಯನ್ನು ಅಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ಆದರೆ ಯಾರ ಮೊಣಕೈ? ಮಾರುವವರದು. ಕೊಳ್ಳುವವರು ತಮ್ಮ ತೋಳನ್ನು ಚಾಚಿ, ಇದು ಮೊಳ ಎಂದರೆ ಆ ಅಂಗಡಿಯಲ್ಲಿ ನಡೆಯದು. ಉದ್ದ ತೋಳಿನವರ ಅಂಗಡಿಯನ್ನು ಹುಡುಕಿಕೊಂಡು ಹೋಗುವ ಜಾಣರೂ ಉಂಟು. ಅಳೆಯುವಾಗ ಕೈಯನ್ನು ತುಸು ಮಡಿಸುವ ಜಾಣರೂ ಉಂಟು. ಇಬ್ಬರಿಗೂ ಗೊತ್ತಿರುವ ಗುಟ್ಟು ಇದು. ಆದ್ದರಿಂದಲೇ ಜಗಳವಿಲ್ಲದೆ ವ್ಯಾಪಾರ ಸಾಗುತ್ತದೆ.

ಸಣ್ಣ ವಿಷಯವೇ ಸರಿ. ಆದರೆ ವಸ್ತುಗಳಿಗೆ ನಾವು ಬೆಲೆ ಕಟ್ಟುವ ರೀತಿಯನ್ನು ಕುರಿತು ಯೋಚಿಸಹೊರಟವರಿಗೆ ಇಲ್ಲಿಂದಲೇ ದಾರಿ ಸಿಕ್ಕುತ್ತದೆ. ಅಳೆಯಲ್ಪಡುವ ವಸ್ತು ಎಂಥದು ಎಂಬ ಪ್ರಶ್ನೆಯ ಜೊತೆಗೇ ಅಳೆಯುವ ಕೈ ಯಾರದು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಮೆ.

ನಮ್ಮ ಭಾಷೆಯೇ ಈ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತಿಳಿದಿದೆ. ‘ಬೆಲೆಯಿಲ್ಲದ ವಸ್ತು’ ಎಂದರೆ ಯಾತಕ್ಕೂ ಬಾರದ್ದು. ‘ಬೆಲೆ ಕಟ್ಟಲಾಗದ ವಸ್ತು’ ಎಂದರೆ ಎಲ್ಲಕ್ಕಿಂತ ಮೇಲಾದದ್ದು. ಎರಡಕ್ಕೂ ಅಂಗಡಿಯಲ್ಲಿ ಸ್ಥಳವಿಲ್ಲ. ಅಂಗಡಿಯ ಬೆಲೆ ಎಂಬುದು ಇವೆರಡರ ನಡುವಣ ಪ್ರದೇಶಕ್ಕೆ ಮಾತ್ರ ಸಂಬಂಧಿಸಿದ್ದು. ಆಡಂ ಸ್ಮಿತ್ 1776ರಲ್ಲಿ ಪ್ರಕಟವಾದ ತನ್ನ ಅರ್ಥಶಾಸ್ತ್ರದ ಮಹಾಗ್ರಂಥದಲ್ಲಿ ಈ ತೊಡಕನ್ನು ಎತ್ತಿದ: ನೀರಿಲ್ಲದೆ ಬದುಕಿಲ್ಲ, ಆದರೂ ಅದಕ್ಕೆ ಬೆಲೆಯಿಲ್ಲ, ವಜ್ರವಿಲ್ಲದೆ ಬದುಕಬಹುದು, ಆದರೂ ಅದರ ಬೆಲೆ ಅಪಾರ. ಸುಮಾರು ಒಂದು ಶತಮಾನದ ಮೇಲೆ, 1871ರಲ್ಲಿ, ಇಂಗ್ಲೆಂಡಿನ ಜೆವನ್ಸ್ ಮತ್ತು ಆಸ್ಟ್ರಿಯದ ಮೆಂಗರ್ ಒಬ್ಬರನ್ನೊಬ್ಬರು ಅವಲಂಬಿಸದೆ ಇದಕ್ಕೆ ಸಮಾಧಾನ ಹೇಳಿದರು. ಇಡೀ ನೀರಿಗೂ ಇಡೀ ವಜ್ರರಾಶಿಗೂ ಯಾರೂ ಬೆಲೆ ಕಟ್ಟುವುದಿಲ್ಲ. ಇನ್ನೊಂದು ಕೊಡ ನೀರು, ಇನ್ನೊಂದು ಹರಳು ದೊರೆತರೆ ಎಷ್ಟು ಉಪಯೋಗ ಎಂಬುದರಿಂದ ಬೆಲೆ ನಿರ್ಧಾರವಾಗುತ್ತದೆ ಎಂದು ಅವರ ವಾದದ ಸಾರ. ಸಮರ್ಪಕವಾದ ಉತ್ತರ. ಆದರೆ ಅದು ಬೆಲೆಯ ಪ್ರಶ್ನೆಗೆ ಉತ್ತರವೇ ಹೊರತು ಯೋಗ್ಯತೆಯ ಪ್ರಶ್ನೆಗಲ್ಲ. ಯಾರೂ ಕೇಳದ, ಯಾರಿಗೂ ಬೇಡವಾದ ವಸ್ತುವಿನ ಯೋಗ್ಯತೆಯನ್ನು ಕಂಡುಹಿಡಿಯುವವರು ಯಾರು, ಹೇಗೆ? ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಮೈಸೂರು ನಗರದಲ್ಲಿಯೇ ಒಂದಿದೆ.

ಗ್ರಂಥಾಲಯಕ್ಕೆ ಬಂದ ಓಲೆಯ ಕಟ್ಟು

ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಸರ್ಕಾರಿ ಓರಿಯಂಟಲ್ ಲೈಬ್ರರಿ ಸ್ಥಾಪಿತವಾಯಿತು. ಈಗ ಅದು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಹಳೆಯ ಕೈಬರಹದ ಗ್ರಂಥಗಳನ್ನು ಸಂಗ್ರಹಿಸುವುದು, ಪಟ್ಟಿ ಮಾಡುವುದು, ತಕ್ಕವನ್ನು ಅಚ್ಚು ಹಾಕಿಸುವುದು ಅದರ ಉದ್ದೇಶ. ಆ ದಿನಗಳಲ್ಲಿ ಓಲೆಗರಿಯ ಗ್ರಂಥಗಳ ಸ್ಥಿತಿ ಹೇಳಿಕೊಳ್ಳುವಂಥದಾಗಿರಲಿಲ್ಲ. ಪಂಡಿತರ ಮನೆಗಳ ಅಟ್ಟಗಳಲ್ಲಿ ಕಟ್ಟುಗಟ್ಟಲೆ ಓಲೆಗಳಿದ್ದವು. ತಾತ ಓದಿದ್ದನ್ನು ಮೊಮ್ಮಗ ಓದಲಾರದೆ ಹೋಗಿದ್ದ. ಹುಳು ಹಿಡಿದು ಶಿಥಿಲವಾದ ಓಲೆಗಳನ್ನು ಹೊಳೆಗೆ ಬಿಡುವ ವಾಡಿಕೆಯೂ ದಕ್ಷಿಣದೇಶದಲ್ಲಿ ಇತ್ತು. ಅದು ಅಗೌರವದಿಂದ ಮಾಡಿದ ಕೆಲಸವಲ್ಲ. ಸರಸ್ವತಿಯನ್ನು ಕಸಕ್ಕೆ ಹಾಕಬಾರದೆಂಬ ಭಕ್ತಿಯಿಂದಲೇ ಮಾಡಿದ್ದು. ಭಕ್ತಿಯಿದ್ದ ಕಡೆಯೆಲ್ಲ ತಿಳಿವಳಿಕೆ ಇರಬೇಕೆಂಬ ನಿಯಮವಿಲ್ಲವಷ್ಟೆ.

ತಂಜಾವೂರು ಸೀಮೆಯ ಪಂಡಿತರೊಬ್ಬರು ಈ ಗ್ರಂಥಾಲಯಕ್ಕೆ ಒಂದು ಓಲೆಯ ಕಟ್ಟನ್ನು ತಂದುಕೊಟ್ಟರು. ಗ್ರಂಥಲಿಪಿಯಲ್ಲಿ ಬರೆದ ಸಂಸ್ಕೃತ ಗ್ರಂಥ. ಜೊತೆಗೆ ಭಟ್ಟಸ್ವಾಮಿ ಎಂಬಾತನ ವ್ಯಾಖ್ಯಾನದ ಒಂದು ತುಂಡು. ತಂದುಕೊಟ್ಟವರ ಹೆಸರು ಪ್ರಸಿದ್ಧಿಗೆ ಬರಲಿಲ್ಲ. ಗ್ರಂಥಾಲಯದಲ್ಲಿ ಆಗ ಇದ್ದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ಕಾವೇರಿಯ ದಡದ ಆ ಊರಿನಲ್ಲಿ 1868ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಸ್ಕೃತವನ್ನು ಕಲಿತು, ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದಿದ್ದವರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಗ್ರಂಥಾಲಯದ ಕೆಲಸಕ್ಕೆ ಬಂದಿದ್ದರು. 1905ರಲ್ಲಿ ಅವರು ಆ ಕಟ್ಟನ್ನು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗೊತ್ತಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕೌಟಿಲ್ಯನ ಹೆಸರು ಪಂಡಿತಲೋಕಕ್ಕೆ ಅಪರಿಚಿತವಾಗಿರಲಿಲ್ಲ. ದಂಡಿಯ ದಶಕುಮಾರಚರಿತದಲ್ಲಿ ಆ ಶಾಸ್ತ್ರದ ಪ್ರಸ್ತಾಪವಿದೆ. ಬಾಣನು ಕಾದಂಬರಿಯಲ್ಲಿ ಅದನ್ನು ನಿಷ್ಠುರವಾಗಿ ನಿಂದಿಸಿದ್ದಾನೆ. ವ್ಯಾಖ್ಯಾನಕಾರರು ಅದರಿಂದ ಮಾತುಗಳನ್ನು ಎತ್ತಿಕೊಟ್ಟಿದ್ದಾರೆ. ಹೆಸರು ಉಳಿದಿತ್ತು, ಗ್ರಂಥ ಮಾತ್ರ ಕಣ್ಮರೆಯಾಗಿತ್ತು. ಆದ್ದರಿಂದ ಶಾಮಶಾಸ್ತ್ರಿಗಳು ಕಂಡದ್ದನ್ನು ಕೇವಲ ಅದೃಷ್ಟವೆನ್ನುವಂತಿಲ್ಲ. ಗ್ರಂಥಲಿಪಿ ಬಾರದವನ ಕೈಗೆ ಆ ಕಟ್ಟು ಬಿದ್ದಿದ್ದರೆ ಅದು ತಾಳೆಗರಿ. ಲಿಪಿ ಬಂದು, ದಂಡಿ ಬಾಣರನ್ನು ಓದದವನ ಕೈಗೆ ಬಿದ್ದಿದ್ದರೆ ಅದು ಯಾವುದೋ ಒಂದು ನೀತಿಗ್ರಂಥ. ಎರಡೂ ಇದ್ದು, ಪಟ್ಟಿಯಲ್ಲಿ ಒಂದು ಸಾಲು ಬರೆದು ಬೀರುವಿನೊಳಕ್ಕೆ ಇಟ್ಟುಬಿಡುವ ಸ್ವಭಾವದವನಾಗಿದ್ದರೆ ಅದು ಒಂದು ನಂಬರು. ಅದೇ ಓಲೆ, ಅವೇ ಅಕ್ಷರ. ಎದುರಿಗೆ ಕುಳಿತವನಿಗೆ ತಕ್ಕಂತೆ ಅದರ ಯೋಗ್ಯತೆ ತೆರೆದುಕೊಳ್ಳುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ.

ಶಾಸ್ತ್ರಿಗಳು ಮೊದಲು ಕೆಲವು ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನು ಮೈಸೂರಿನಲ್ಲಿಯೇ ಅಚ್ಚು ಹಾಕಿಸಿದರು. 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದ ಹೊರಬಂದಿತು. ಶಾಸನತಜ್ಞ ಫ್ಲೀಟ್ ಅದಕ್ಕೆ ಪೀಠಿಕೆಯ ಮಾತು ಬರೆದರು. ಭಾರತೀಯರು ವೇದಾಂತವನ್ನಲ್ಲದೆ ಲೌಕಿಕವನ್ನು ಚಿಂತಿಸಿದವರಲ್ಲ ಎಂಬ ಹಳೆಯ ಅಭಿಪ್ರಾಯಕ್ಕೆ ಈ ಒಂದು ಪುಸ್ತಕದಿಂದ ಬಿದ್ದ ಪೆಟ್ಟು ಸಾಮಾನ್ಯವಾದುದಲ್ಲ.

ಕೌಟಿಲ್ಯನ ಒರೆಗಲ್ಲು

ಇನ್ನೊಂದು ಸ್ವಾರಸ್ಯ ಉಂಟು. ಯಾರೂ ಬೆಲೆ ತಿಳಿಯದೆ ಬಿಟ್ಟಿದ್ದ ಈ ಗ್ರಂಥವೇ ಬೆಲೆ ತಿಳಿಯುವ ವಿದ್ಯೆಯ ಗ್ರಂಥ. ಹದಿನೈದು ಅಧಿಕರಣಗಳ ಈ ಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಬೊಕ್ಕಸಕ್ಕೆ ಸೇರಬೇಕಾದ ರತ್ನಗಳ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಪಂಡಿತರು ಜೊತೆಯಲ್ಲಿ ತಂದುಕೊಟ್ಟ ಭಟ್ಟಸ್ವಾಮಿಯ ವ್ಯಾಖ್ಯಾನವೂ ಈ ಎರಡನೆಯ ಅಧಿಕರಣಕ್ಕೆ ಸಂಬಂಧಿಸಿದ್ದೇ.

ಮುತ್ತು ಎಲ್ಲೆಲ್ಲಿ ಹುಟ್ಟುತ್ತದೆ, ಯಾವ ಆಕಾರದ್ದು ದೋಷಯುಕ್ತ, ಯಾವುದು ಪ್ರಶಸ್ತ ಎಂದು ಅಲ್ಲಿ ವಿವರವಾಗಿ ಹೇಳಿದೆ. ದಪ್ಪವಾಗಿರಬೇಕು, ದುಂಡಗಿರಬೇಕು, ತಳದಲ್ಲಿ ಚಪ್ಪಟೆಯಾಗಿರಕೂಡದು, ಹೊಳಪಿರಬೇಕು, ಬೆಳ್ಳಗಿರಬೇಕು, ತೂಕವಿರಬೇಕು, ನಯವಾಗಿರಬೇಕು, ತಕ್ಕ ಜಾಗದಲ್ಲಿ ರಂಧ್ರವಿರಬೇಕು. ಗಂಧದ ಮರಕ್ಕೂ ಇದೇ ಬಗೆಯ ಲಕ್ಷಣಗಳನ್ನು ಹೇಳಿದೆ. ಒಳ್ಳೆಯ ಗಂಧ ಹಗುರವಾಗಿರುತ್ತದೆ, ತುಪ್ಪದಂತೆ ಮೈಗೆ ಹತ್ತುತ್ತದೆ, ಚರ್ಮದೊಳಕ್ಕೆ ಇಳಿಯುತ್ತದೆ, ಪರಿಮಳ ಹಿತವಾಗಿದ್ದು ಅತಿಯಾಗಿರುವುದಿಲ್ಲ, ಬಣ್ಣಗೆಡುವುದಿಲ್ಲ, ಶಾಖವನ್ನು ತಾಳುತ್ತದೆ, ಮೈಯ ಉರಿಯನ್ನು ಹೀರುತ್ತದೆ. ಬರೆದವನು ಗಂಧವನ್ನು ತೇಯ್ದು ಹಚ್ಚಿಕೊಂಡು ನೋಡಿದ್ದವನೇ ಇರಬೇಕು.

ಆದರೆ ಇಡೀ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ಮಾತು ಒರೆಗಲ್ಲನ್ನು ಕುರಿತದ್ದು. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣದಿಂದ ಅದರ ಬಣ್ಣಿಯನ್ನು ತಿಳಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಹಾಗೆ ತಿಳಿಸುವ ಕಲ್ಲು ಎಂಥದಾಗಿರಬೇಕು? ಕಳಿಂಗದೇಶದ ಕಲ್ಲು ಅಥವಾ ತಾಪಿ ನದಿಯ ಕಲ್ಲು, ಹೆಸರುಕಾಳಿನ ಬಣ್ಣದ್ದು, ಶ್ರೇಷ್ಠವೆಂದು ಕೌಟಿಲ್ಯ ಹೇಳುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ಇದ್ದ ಬಣ್ಣವನ್ನು ಇದ್ದಂತೆ ತೋರುವ ಕಲ್ಲು ಕೊಳ್ಳುವವನಿಗೂ ಮಾರುವವನಿಗೂ ಹಿತ. ಆನೆಯ ಚರ್ಮದ ಬಣ್ಣಕ್ಕೆ ಹಸುರು ಬೆರೆತಂತಿರುವ ಕಲ್ಲು ಬಣ್ಣವನ್ನು ಹೆಚ್ಚಾಗಿ ತೋರುತ್ತದೆ. ಅದು ಮಾರುವವನಿಗೆ ಹಿತ. ಗಡುಸಾಗಿ, ಒರಟಾಗಿ, ಬಣ್ಣ ಸಮವಾಗಿಲ್ಲದ ಕಲ್ಲು ಕಡಮೆಯಾಗಿ ತೋರುತ್ತದೆ. ಅದು ಕೊಳ್ಳುವವನಿಗೆ ಹಿತ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿನ ಪುಡಿಯನ್ನು ಇಟ್ಟುಕೊಂಡು ಗೆರೆಯ ಮೇಲೆ ಉದುರಿಸುವ ಮೋಸವನ್ನೂ ಆತ ಬಲ್ಲ.

ಒರೆಗಲ್ಲಿಗೂ ಪಕ್ಷಪಾತವಿದೆ! ಸತ್ಯವನ್ನು ಹೇಳಲೆಂದೇ ಇಟ್ಟ ಕಲ್ಲು ಒಬ್ಬರ ಕಡೆಗೆ ವಾಲಬಹುದೆಂಬುದನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಕಂಡುಕೊಂಡಿದ್ದರು. ಆದ್ದರಿಂದಲೇ ತೂಕದ ಬಟ್ಟುಗಳು ಕಬ್ಬಿಣದವಾಗಿರಬೇಕು, ಇಲ್ಲವೇ ಮಗಧ ಮೇಕಲ ಪ್ರಾಂತಗಳ ಕಲ್ಲಿನವಾಗಿರಬೇಕು, ನೀರು ಬಿದ್ದರೆ ಹೆಚ್ಚುವ, ಬಿಸಿಲಿಗೆ ಕುಗ್ಗುವ ಪದಾರ್ಥದವಾಗಿರಕೂಡದು ಎಂಬ ವಿಧಿ. ನಾಲ್ಕು ತಿಂಗಳಿಗೊಮ್ಮೆ ಅವಕ್ಕೆ ಮುದ್ರೆ ಹಾಕಿಸಬೇಕೆಂಬ ಕಟ್ಟಳೆ. ವಸ್ತುವಿನ ಪರೀಕ್ಷೆಗೆ ಎಷ್ಟು ಎಚ್ಚರವೋ ಪರೀಕ್ಷಿಸುವ ಸಾಧನದ ಪರೀಕ್ಷೆಗೂ ಅಷ್ಟೇ ಎಚ್ಚರ. ಹೂವಿನ ಅಂಗಡಿಯ ಮೊಳಕ್ಕೆ ಮುದ್ರೆಯಿಲ್ಲ. ಅಲ್ಲಿ ಅದರಿಂದ ಹಾನಿಯೂ ಇಲ್ಲ. ಎಲ್ಲ ಅಳತೆಗಳನ್ನೂ ಅಷ್ಟು ಸಲೀಸಾಗಿ ಬಿಡಲಾಗುವುದಿಲ್ಲ.

ಗಿರಾಕಿ ತಪ್ಪಿದಾಗ

ಕೊಳ್ಳುವವನ ಇಷ್ಟವನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ ಏನಾಗುತ್ತದೆಂಬುದಕ್ಕೂ ನಮ್ಮ ಸೀಮೆಯಲ್ಲಿಯೇ ಉದಾಹರಣೆಯಿದೆ. ಕೌಟಿಲ್ಯ ಹೊಗಳಿದ ಗಂಧದ ಮರದ್ದೇ ಕಥೆ. ಮೈಸೂರು ಸಂಸ್ಥಾನದ ಕಾಡುಗಳ ಶ್ರೀಗಂಧ ಬಹುಕಾಲ ಕೊರಡುಗಳ ರೂಪದಲ್ಲಿಯೇ ಹೊರದೇಶಗಳಿಗೆ, ಮುಖ್ಯವಾಗಿ ಯೂರೋಪಿಗೆ, ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ, ಅದರ ಲಾಭ, ಎರಡೂ ಅಲ್ಲಿಯವರದು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಹಡಗು ನಿಂತಿತು, ಗಿರಾಕಿ ತಪ್ಪಿದ. ಮರದ ಪರಿಮಳ ಒಂದಿಷ್ಟೂ ಕಡಮೆಯಾಗಿರಲಿಲ್ಲ. ಬೆಲೆ ಮಾತ್ರ ಬಿದ್ದುಹೋಗಿತ್ತು.

ಕೇಳುವವರಿಲ್ಲದ ಸರಕನ್ನು ಸಿಕ್ಕಿದಷ್ಟಕ್ಕೆ ಮಾರುವುದು ಒಂದು ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಇನ್ನೊಂದು ದಾರಿ ಹಿಡಿಯಿತು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಎಣ್ಣೆಯಿಂದ ಸಾಬೂನು ಬಂತು. ಸಾಬೂನಿನಿಂದ ಮೈಸೂರಿನ ಹೆಸರು ಊರೂರಿನ ಬಚ್ಚಲಮನೆಗಳನ್ನು ಮುಟ್ಟಿತು. ಇದರಲ್ಲಿ ವ್ಯಾಪಾರದ ಚಾತುರ್ಯವಿದ್ದದ್ದು ನಿಜ. ಅದಕ್ಕಿಂತ ಮುಖ್ಯವಾದದ್ದು, ಪೇಟೆಯ ತೀರ್ಪನ್ನು ಮರದ ಮೇಲಣ ಕಡೆಯ ತೀರ್ಪೆಂದು ಒಪ್ಪಿಕೊಳ್ಳದ ಮನೋಭಾವ. ಗಂಧದ ಗುಣ ಗಂಧದಲ್ಲಿದೆ, ಗಿರಾಕಿಯಲ್ಲಿಲ್ಲ ಎಂಬ ನಂಬಿಕೆಯಿಲ್ಲದೆ ಯಾರೂ ಕಾರ್ಖಾನೆ ಕಟ್ಟಲಾರರು.

ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಆಗಾಗ್ಗೆ ಹೇಳಿಕೊಳ್ಳುತ್ತೇವೆ. ಶಾಮಶಾಸ್ತ್ರಿಗಳ ವಿಷಯದಲ್ಲಿ ಮೈಸೂರಿಗರು ಹೇಳುವ ಕಥೆಯೊಂದುಂಟು. ನಾಲ್ವಡಿಯವರು ಜರ್ಮನಿಗೆ ಹೋಗಿದ್ದಾಗ, ಶಾಮಶಾಸ್ತ್ರಿಗಳಿರುವ ಮೈಸೂರಿನಿಂದ ಬಂದವರೇ ತಾವು ಎಂದು ಅಲ್ಲಿಯ ವಿದ್ವಾಂಸರು ಕೇಳಿದರಂತೆ. ಕಥೆಯನ್ನು ಕಥೆಯಾಗಿಯೇ ತೆಗೆದುಕೊಳ್ಳೋಣ. ಅದನ್ನು ನಾವು ಅಷ್ಟು ಇಷ್ಟಪಟ್ಟು ಹೇಳುವುದೇ ಯೋಚಿಸತಕ್ಕ ಸಂಗತಿ. ನಮ್ಮವರನ್ನು ನಾವು ಗುರುತಿಸುವುದಕ್ಕೆ ಜರ್ಮನಿಯ ಒರೆಗಲ್ಲು ಬೇಕಾಯಿತು ಎಂಬುದು ಅದರೊಳಗಿನ ಮುಳ್ಳು. ಕಲ್ಕತ್ತೆಯ ವಿಶ್ವವಿದ್ಯಾನಿಲಯ 1921ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. ಹೊರಗಿನ ಮನ್ನಣೆಯನ್ನು ಹೀಗಳೆಯಬೇಕಾಗಿಲ್ಲ; ಆದರೆ ಅದು ಬರುವವರೆಗೂ ಕಾದು ಕುಳಿತುಕೊಳ್ಳುವುದು ಪರೀಕ್ಷೆಯ ಶ್ರಮವನ್ನು ಇತರರ ತಲೆಗೆ ಕಟ್ಟಿದಂತೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ: ಹೆಸರಿಗೆ ಬೆಲೆ ಕೊಟ್ಟು ವಸ್ತುವನ್ನು ಮರೆಯುವುದು. ಅರ್ಥಶಾಸ್ತ್ರ ಹೊರಬಂದಾಗ ಅದಕ್ಕೆ ದೊರೆತ ಕೀರ್ತಿಯಲ್ಲಿ ಹೆಚ್ಚಿನ ಪಾಲು ಚಂದ್ರಗುಪ್ತನ ಮಂತ್ರಿ ಚಾಣಕ್ಯನ ಹೆಸರಿನಿಂದ ಬಂದದ್ದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೃತಿಯೆಂದು ಶಾಮಶಾಸ್ತ್ರಿಗಳೇ ಮೊದಲಾಗಿ ಹಲವರು ನಂಬಿದರು. ಯೂರೋಪಿನಲ್ಲಿ ಆಗಲೇ ಕೆಲವರು ಸಂಶಯಪಟ್ಟರು. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಅವರು ಶಬ್ದಗಳ ಬಳಕೆಯನ್ನು ಎಣಿಸಿ, ಇದು ಒಬ್ಬನೇ ಬರೆದ ಗ್ರಂಥವಲ್ಲವೆಂದು ವಾದಿಸಿದರು. 2013ರಲ್ಲಿ ಹೊಸ ಇಂಗ್ಲಿಷ್ ಅನುವಾದವನ್ನು ಹೊರತಂದ ಪ್ಯಾಟ್ರಿಕ್ ಒಲಿವೆಲ್ ಅವರ ಮತದಲ್ಲಿ ಗ್ರಂಥ ರೂಪುಗೊಂಡದ್ದು ಕ್ರಿಸ್ತಶಕದ ಆದಿಯ ಆಚೀಚಿನ ಶತಮಾನಗಳಲ್ಲಿ. ಅವರು ತೋರಿಸುವ ಆಧಾರಗಳಲ್ಲಿ ಒಂದು ಆ ರತ್ನಪರೀಕ್ಷೆಯ ಅಧ್ಯಾಯದಲ್ಲಿಯೇ ಇದೆ. ಅಲ್ಲಿ ಹೇಳಿರುವ ಹವಳ ಮೆಡಿಟರೇನಿಯನ್ ಸಮುದ್ರದ್ದು. ಅದು ಅಲೆಗ್ಸಾಂಡ್ರಿಯದ ಮೂಲಕ ನಮ್ಮ ದೇಶಕ್ಕೆ ಬರುತ್ತಿದ್ದದ್ದು ಆ ಕಾಲದಲ್ಲಿ.

ಹೀಗೆ ಹೆಸರು ಅಲ್ಲಾಡಿತು. ಗ್ರಂಥದ ಯೋಗ್ಯತೆ ಕುಗ್ಗಿತೆ? ಕುಗ್ಗಲಿಲ್ಲ. ಮುತ್ತಿನ ಲಕ್ಷಣ, ಗಂಧದ ಗುಣ, ಒರೆಗಲ್ಲಿನ ಪಕ್ಷಪಾತ, ಇವನ್ನು ಚಾಣಕ್ಯನೇ ಹೇಳಿರಲಿ, ಹೆಸರಿಲ್ಲದ ರತ್ನಪರೀಕ್ಷಕನೊಬ್ಬ ಹೇಳಿರಲಿ, ಮಾತಿನ ತೂಕ ಅಷ್ಟೇ. ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು, ಮುಂಬಯಿಯಲ್ಲಿ ಆರ್. ಪಿ. ಕಂಗಲೆಯವರು ಬೇರೆ ಪ್ರತಿಗಳನ್ನು ಹೋಲಿಸಿ ಪಾಠವನ್ನು ತಿದ್ದಿದರು; ಮೈಸೂರಿನ ಮೊದಲ ಅಚ್ಚಿನಲ್ಲಿ ತಪ್ಪುಗಳಿದ್ದವೆಂದು ತೋರಿಸಿದರು. ಇದರಿಂದ ಶಾಮಶಾಸ್ತ್ರಿಗಳ ಕೆಲಸ ಹಗುರವಾಗಲಿಲ್ಲ. ತಿದ್ದುವುದಕ್ಕೆ ಒಂದು ಪಾಠ ಇರಬೇಕಾದರೆ ಮೊದಲು ಯಾರಾದರೂ ಕಟ್ಟನ್ನು ಬಿಚ್ಚಬೇಕಷ್ಟೆ.

ಪರೀಕ್ಷಕರನ್ನು ಬೆಳೆಸುವ ಕೆಲಸ

ಓಲೆಗರಿ ಶಾಶ್ವತವಲ್ಲ. ನಮ್ಮ ಹವೆಯಲ್ಲಿ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಅರ್ಥಶಾಸ್ತ್ರ ಇಪ್ಪತ್ತನೆಯ ಶತಮಾನಕ್ಕೆ ಬಂದು ಮುಟ್ಟಬೇಕಾದರೆ ಅದನ್ನು ಎಷ್ಟೋ ಸಲ ಹಳೆಯ ಓಲೆಯಿಂದ ಹೊಸ ಓಲೆಗೆ ಇಳಿಸಿರಲೇಬೇಕು. ಪ್ರತಿಯೊಂದು ಸಲವೂ ಯಾರೋ ಒಬ್ಬರು, ಇದು ಇಷ್ಟು ದಿನದ ಶ್ರಮಕ್ಕೆ ತಕ್ಕದ್ದು ಎಂದು ತೀರ್ಮಾನಿಸಿ, ಕಂಟವನ್ನು ಹಿಡಿದು ಕುಳಿತಿದ್ದಾರೆ. ಅವರ ಮನೆಯವರು ಅವರನ್ನು ಕೆಲಸವಿಲ್ಲದವರೆಂದು ಕಂಡಿದ್ದರೂ ಇರಬಹುದು. ನಿಜವಾಗಿ ಬೆಲೆ ಕಟ್ಟಿದವರು ಅವರು. ಹಣದಿಂದಲ್ಲ, ಆಯುಷ್ಯದ ಒಂದು ಭಾಗದಿಂದ. ಕಡೆಯಲ್ಲಿ ಆ ಕಟ್ಟನ್ನು ಹೊಳೆಗೆ ಬಿಡದೆ ಮೈಸೂರಿಗೆ ತಂದ ತಂಜಾವೂರಿನ ಪಂಡಿತರೂ ಅದೇ ಸಾಲಿಗೆ ಸೇರಿದವರು.

ಶಾಮಶಾಸ್ತ್ರಿಗಳು ಮುಂದೆ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದರು. ಅವರ ತರುವಾಯ ಆ ಸ್ಥಾನಕ್ಕೆ ಬಂದ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲೊಂದನ್ನು ಓದಿದರು. ಊರಿನವರು ದಿನವೂ ನೋಡುತ್ತಿದ್ದ ಕಲ್ಲು, ಕ್ರಿ.ಶ. 450ರ ಸುಮಾರಿನ ಕನ್ನಡ ಶಾಸನವೆಂದು ಹೆಸರಾದದ್ದು ಅವರು ಓದಿದ ಮೇಲೆ. ಕಲ್ಲು ಬದಲಾಗಲಿಲ್ಲ, ಓದಬಲ್ಲವರೊಬ್ಬರು ಎದುರಿಗೆ ಬಂದು ನಿಂತರು.

ಇದು ನಮ್ಮ ಶಾಲೆ ಕಾಲೇಜುಗಳನ್ನೂ ಮುಟ್ಟುವ ವಿಷಯ. ಕನ್ನಡದಲ್ಲಿ ರತ್ನಕ್ಕೂ ಪರೀಕ್ಷೆ, ವಿದ್ಯಾರ್ಥಿಗೂ ಪರೀಕ್ಷೆ, ಒಂದೇ ಮಾತು. ಅಂಕ ಎಂಬುದು ಒಂದು ಒರೆಗಲ್ಲು; ಅದಿಲ್ಲದೆ ನಡೆಯದು. ಆದರೆ ಅದು ಕೌಟಿಲ್ಯ ಹೇಳಿದ ಮೂರು ಕಲ್ಲುಗಳಲ್ಲಿ ಯಾವ ಜಾತಿಯದು, ಯಾರ ಕಡೆಗೆ ವಾಲುತ್ತದೆ ಎಂಬುದನ್ನು ಅಧ್ಯಾಪಕರು ಆಗಾಗ್ಗೆ ಕೇಳಿಕೊಳ್ಳುವುದು ಒಳ್ಳೆಯದು. ನೆನಪಿನ ಶಕ್ತಿಯನ್ನು ಹೆಚ್ಚಾಗಿ ತೋರಿ, ವಿವೇಚನೆಯನ್ನು ಕಡಮೆಯಾಗಿ ತೋರುವ ಕಲ್ಲಿನ ಮೇಲೆ ಎಳೆದ ಗೆರೆಯಿಂದ ಹುಡುಗನ ಬಣ್ಣಿಯನ್ನು ನಿರ್ಧರಿಸಿದರೆ, ಹೊಳೆಗೆ ಹೋಗುವ ಓಲೆಗಳ ಸಂಖ್ಯೆ ಹೆಚ್ಚುತ್ತದೆ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಇಂದಿಗೂ ಸಾವಿರಾರು ಓಲೆಯ ಕಟ್ಟುಗಳಿವೆ. ಗ್ರಂಥಲಿಪಿ, ನಂದಿನಾಗರಿ, ತಿಗಳಾರಿ ಮೊದಲಾದ ಲಿಪಿಗಳಲ್ಲಿ ಬರೆದವೂ ಅವುಗಳಲ್ಲಿ ಉಂಟು. ಈ ಲಿಪಿಗಳನ್ನು ಸರಾಗವಾಗಿ ಓದಬಲ್ಲವರು ಇಂದು ವಿರಳ. ಓಲೆಗಳ ಛಾಯಾಚಿತ್ರ ತೆಗೆದು ಯಂತ್ರಗಳಲ್ಲಿ ತುಂಬಿಡುವ ಸೌಲಭ್ಯ ನಮ್ಮ ಕಾಲಕ್ಕೆ ಬಂದಿದೆ, ಅದು ಬೇಕಾದದ್ದೇ. ಆದರೆ ಚಿತ್ರ ಹಿಡಿದಿಟ್ಟ ಮಾತ್ರಕ್ಕೆ ಯೋಗ್ಯತೆ ತಿಳಿದಂತಾಗಲಿಲ್ಲ. ಅಟ್ಟದ ಮೇಲಿದ್ದ ಕಟ್ಟು ಯಂತ್ರದೊಳಗಿನ ಕಟ್ಟಾಯಿತು, ಅಷ್ಟೆ. ಬಿಚ್ಚಿ ಓದುವವರು ಆಗಲೂ ಬೇಕು.

ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಮೊದಲಿಗೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಓಲೆಯ ಮೇಲೆಲ್ಲ ಸವರಿ ಒರಸಿದಾಗ ಗೀರುಗಳಲ್ಲಿ ಮಸಿ ನಿಂತು ಬರಹ ಎದ್ದು ಕಾಣುತ್ತದೆ. ಆ ಕೆಲಸದಲ್ಲಿ ಕೈ ಕಪ್ಪಾಗುತ್ತದೆ, ಹೊತ್ತು ಹಿಡಿಯುತ್ತದೆ, ಯಾವ ಪೇಟೆಯಲ್ಲಿಯೂ ಅದಕ್ಕೆ ದೊಡ್ಡ ಕೂಲಿ ಹುಟ್ಟುವುದಿಲ್ಲ. ಅದನ್ನು ಕಲಿಯುವುದಕ್ಕೆ ನಮ್ಮ ವಿದ್ಯಾರ್ಥಿಗಳಲ್ಲಿ ಪ್ರತಿವರ್ಷ ನಾಲ್ಕು ಮಂದಿ ಮುಂದೆ ಬಂದರೂ, ಅವರಿಗೆ ಕಲಿಸುವವರನ್ನೂ ಅನ್ನಕ್ಕೊಂದು ದಾರಿಯನ್ನೂ ನಮ್ಮ ವಿಶ್ವವಿದ್ಯಾನಿಲಯಗಳು ಒದಗಿಸಿದರೂ, ಈಗ ಬೀರುವಿನಲ್ಲಿ ನಂಬರುಗಳಾಗಿ ಕುಳಿತಿರುವ ಕಟ್ಟುಗಳಲ್ಲಿ ಯಾವುದು ಏನೆಂಬುದು ಹೊರಬಿದ್ದೀತು.